ಈರುಳ್ಳಿ ಒಗ್ಗರಣೆಯ ಕಬ್ಬಿಣದ ಹಡಗು

ಪ್ರತಿ ವರ್ಷ ಮೇ ತಿಂಗಳ ಕೊನೆಗೆ ನಮ್ಮ ಕರಾಂಡಲೆಟ್ ಊರಿನಲ್ಲಿ ಯುದ್ಧದಲ್ಲಿ ಸತ್ತವರ ಗೋರಿಗಳಿಗೆ ಹೂವಿಡುತ್ತಾರೆ. ಆಮೇಲೆ ಬದುಕಿ ಉಳಿದವರನ್ನು ಶಾಲೆಯ ಅಂಗಳದಲ್ಲಿ ಬೆಂಚುಗಳ ಮೇಲೆ ಸಾಲಾಗಿ ಕೂರಿಸಿ, ಒಬ್ಬೊಬ್ಬರಾಗಿ ಎದ್ದು ತಾವು ಮಾಡಿದ್ದನ್ನು ಹೇಳಿ ಎನ್ನುತ್ತಾರೆ. ಕಾಲು ಕಳೆದುಕೊಂಡವರು ಮೊದಲು, ಕೈ ಕಳೆದುಕೊಂಡವರು ಆಮೇಲೆ, ಬಾವುಟ ಹಿಡಿದು ಓಡಿದವರು ಅದರ ನಂತರ. ನನ್ನನ್ನು ಬೆಂಚಿನ ಕೊನೆಗೆ, ನಿಂಬೆ ಪಾನಕದ ಪೀಪಾಯಿಯ ಪಕ್ಕಕ್ಕೆ ಕೂರಿಸುತ್ತಾರೆ. ನನ್ನ ಸರದಿ ಬರುವ ಹೊತ್ತಿಗೆ ಬ್ಯಾಂಡಿನವರು ವಾದ್ಯ ಎತ್ತಿಕೊಂಡಿರುತ್ತಾರೆ. ಅವರ ತಪ್ಪೇನಿಲ್ಲ. "ಆನ್ಸ್‌ಗರ್ ಟೀಡೆಮನ್, ಆಲ್ಟನ್ ಎಂಬ ಕಬ್ಬಿಣದ ಹಡಗು, ಅಡುಗೆಯವನು" ಎಂದು ಕೂಗಿದ ಮೇಲೆ ಕೇಳುವುದಕ್ಕೆ ಇನ್ನೇನು ಉಳಿದಿರುತ್ತದೆ? ಉತ್ತರದವರೂ ದಕ್ಷಿಣದವರೂ ಸೇರಿ ಈ ದೇಶವನ್ನು ಸೀಳಿ ಹಾಕುತ್ತಿದ್ದ ಆ ವರ್ಷಗಳಲ್ಲಿ ನಾನು ಮಾಡಿದ್ದು ಹಂದಿಯ ಕೊಬ್ಬು ಕಾಯಿಸಿದ್ದು.

ನಾನು ಹುಟ್ಟಿದ್ದು ಓಲ್ಡನ್‌ಬರ್ಗಿನಲ್ಲಿ. ಹಡಗು ಹತ್ತಿ ಬಂದು ಇಲ್ಲಿ ಮಿಸಿಸಿಪಿ ನದಿಯ ದಡದಲ್ಲಿ, ಹಡಗುಕಟ್ಟೆಯ ಗೇಟಿನ ಎದುರಿಗೇ ಸಾಸೇಜ್ ಅಂಗಡಿ ಇಟ್ಟೆ. ಸಾಸೇಜ್ ಚೆನ್ನಾಗಿರುತ್ತಿತ್ತು, ವ್ಯಾಪಾರ ಚೆನ್ನಾಗಿರಲಿಲ್ಲ. ಗಿರಾಕಿಗೆ ರುಚಿ ನೋಡಲೆಂದು ಒಂದು ತುಂಡು ಕೊಡುತ್ತಿದ್ದೆ. ಅವನು ಬಾಯಿ ತೆರೆಯುವ ಮೊದಲೇ ನಾನೇ ಅದನ್ನು ಹೊಗಳಿ, ಆ ಖುಷಿಗೆ ಇನ್ನೊಂದು ತುಂಡು ಕೊಟ್ಟುಬಿಡುತ್ತಿದ್ದೆ. ಹೊಟ್ಟೆ ತುಂಬಿದ ಗಿರಾಕಿ ಕೈ ಕುಲುಕಿ ಹೊರಟುಹೋಗುತ್ತಿದ್ದ.

ಯುದ್ಧ ಬಂದಾಗ ಎದುರಿನ ಹಡಗುಕಟ್ಟೆಯಲ್ಲಿ ಉತ್ತರದವರಿಗಾಗಿ ಕಬ್ಬಿಣದ ಹಡಗುಗಳನ್ನು ಕಟ್ಟತೊಡಗಿದರು. ಅಂಗಡಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ದಪ್ಪ ಮರದ ಇಳಿಜಾರು ಗೋಡೆ, ಅದರ ಮೇಲೆ ಅಂಗೈಯಗಲ ದಪ್ಪದ ಕಬ್ಬಿಣದ ಹಲಗೆಗಳು. ಇಡೀ ಹಡಗು ನೀರಿಗೆ ಬಿಟ್ಟ ದೊಡ್ಡ ಆಮೆಯಂತೆ ಕಾಣುತ್ತಿತ್ತು. ಇಷ್ಟು ದಪ್ಪ ಕಬ್ಬಿಣದ ಹಿಂದೆ ಕೂತವನನ್ನು ಯಾವ ಗುಂಡು ತಾನೇ ಮುಟ್ಟೀತು ಎಂದು ನನಗೆ ಅನ್ನಿಸಿತು. ದೇಶಪ್ರೇಮವೂ ಇತ್ತು, ಇಲ್ಲವೆನ್ನಲಾರೆ. ಅದಕ್ಕೊಂದು ಕಬ್ಬಿಣದ ಹೊದಿಕೆ ಸಿಕ್ಕಿದ್ದರಿಂದ ಧೈರ್ಯ ಮಾಡಿ ಹೊರಗೆ ಬಂತು, ಅಷ್ಟೆ.

ಅಂಥದ್ದೊಂದು ಹಡಗಿಗೆ ಅಡುಗೆಯವನಾಗಿ ಸೇರುವ ವಿಷಯವನ್ನು ನನ್ನ ಹೆಂಡತಿ ಮೆಟಾಗೆ ಹೇಳಿದೆ.

"ಎಲ್ಲರೂ ಬಂದೂಕು ಹಿಡ್ಕೊಂಡು ಬಯಲಲ್ಲಿ ನಿಲ್ತಾರೆ ಕಣೆ. ನಾನು ಕಬ್ಬಿಣದ ಮನೇಲಿ ಕೂತಿರ್ತೀನಿ. ಗುಂಡು ಬಡಿದ್ರೆ ಯಾರೋ ಬಾಗಿಲು ತಟ್ಟಿದ ಹಾಗಿರುತ್ತೆ."

"ಮನೆ ಅಲ್ಲ ರೀ ಅದು, ಬಾಣಲೆ. ಮೇಲೊಂದು ಮುಚ್ಚಳ ಬೇರೆ. ಇಷ್ಟು ದಿನ ಬಾಣಲೆ ಮುಂದೆ ನಿಂತಿದ್ದು ಸಾಲ್ದು ಅಂತ ಒಳಗೇ ಹೋಗಿ ಕೂತ್ಕೋತೀರಾ?"

ಹೊರಡುವ ದಿನ ಒಂದು ಪೊಟ್ಟಣ ಕೈಗಿಟ್ಟಳು. ಹಿತ್ತಲಲ್ಲಿ ಬೆಳೆದು ಒಣಗಿಸಿದ ಮರುಗ, ಸಾಸೇಜಿಗೆ ಹಾಕುವ ಪರಿಮಳದ ಸೊಪ್ಪು. "ಇದನ್ನ ಹಾಕೋದು ಮರೀಬೇಡಿ. ನಿಮ್ಮ ಕೈರುಚಿ ಅಂತ ಊರೆಲ್ಲ ಹೇಳ್ಕೊಂಡು ಓಡಾಡ್ತೀರಲ್ಲ, ಅದು ಇದೇ" ಎಂದಳು. ಅಳು ಬಂದಾಗಲೂ ಚುಚ್ಚದೆ ಇರಲಾರಳು. ನಾನು ಪೊಟ್ಟಣವನ್ನು ಅಂಗಿಯೊಳಗೆ ಇಟ್ಟುಕೊಂಡೆ.

ಅವಳು ಹೇಳಿದ್ದೇ ನಿಜವಾಯಿತು. ಹೊರಗೆ ದಕ್ಷಿಣದ ಬಿಸಿಲು, ಒಳಗೆ ಬಾಯ್ಲರು, ನಡುವೆ ನಾವು. ಬೆಳಿಗ್ಗೆ ಗೋಡೆಯ ಕಬ್ಬಿಣ ಬೆವರುತ್ತಿತ್ತು, ಮಧ್ಯಾಹ್ನ ಅದಕ್ಕೆ ಬೆನ್ನು ತಾಗಿಸಿದರೆ ಚುರ್ರೆನ್ನುತ್ತಿತ್ತು. ನಾನು ಮೊದಲ ವಾರದಲ್ಲೇ ಮನೆಗೆ ವಾಪಸು ಹೋಗುವ ಯೋಚನೆ ಮಾಡಿದೆ. ಮೆಟಾ ಬಾಗಿಲಲ್ಲಿ ನಿಂತು ನಗುವ ಚಿತ್ರ ಕಣ್ಣಮುಂದೆ ಬಂದು ಉಳಿದುಕೊಂಡೆ. ನನ್ನ ಯುದ್ಧಸೇವೆಗೆ ಅದೇ ತಳಪಾಯ.

ಎಲ್ಲ ಹಡಗಿನಲ್ಲೂ ಒಂದು ಪದ್ಧತಿ ಉಂಟು. ಉಪ್ಪು ಹಾಕಿದ ಹಂದಿಮಾಂಸವನ್ನು ಕೊಪ್ಪರಿಗೆಯಲ್ಲಿ ಬೇಯಿಸುವಾಗ ಮೇಲೆ ತೇಲುವ ಕೊಬ್ಬು ಅಡುಗೆಯವನಿಗೆ ಸೇರಿದ್ದು. ಅದರಿಂದ ಅವನು ಮೇಣದಬತ್ತಿ ಮಾಡಲಿ, ಸಾಬೂನು ಮಾಡಲಿ, ಯಾರೂ ಕೇಳುವ ಹಾಗಿಲ್ಲ. ನಾನು ಅದನ್ನು ಒಲೆಯ ಕೆಳಗೆ ಒಂದು ಮರದ ತೊಟ್ಟಿಯಲ್ಲಿ ತುಂಬಿಟ್ಟು, ಬಿಡುವಾದಾಗ ಮುಚ್ಚಳ ತೆಗೆದು ನೋಡಿ ಸಂತೋಷಪಡುತ್ತಿದ್ದೆ. ಹಡಗಿನಲ್ಲಿ ನನ್ನ ಮಾತು ನಡೆಯುತ್ತಿದ್ದದ್ದು ಆ ತೊಟ್ಟಿಯ ಮೇಲೊಂದೇ.

ನಮ್ಮ ಕ್ಯಾಪ್ಟನ್ ವಿಂಗೇಟ್ ಸಾಹೇಬರು ಸಮುದ್ರದ ಕಡೆಯವರು, ಓದುವ ಹುಚ್ಚಿನವರು. ಒಂದು ದಿನ ಯಾವುದೋ ಹಳೆಯ ಪತ್ರಿಕೆಯಲ್ಲಿ ಅವರ ಕಣ್ಣಿಗೆ ಬಿದ್ದದ್ದು, ಶತ್ರುಗಳು ತಮ್ಮ ಕಬ್ಬಿಣದ ಹಡಗಿನ ಗೋಡೆಗೆ ಹಂದಿಕೊಬ್ಬು ಸವರುತ್ತಾರೆ, ಅದರಿಂದ ಗುಂಡು ತಗುಲಿದರೂ ಜಾರಿ ಹೋಗುತ್ತದೆ ಎಂಬ ಸುದ್ದಿ. ಆ ಸಂಜೆಯೇ ಅಪ್ಪಣೆಯಾಯಿತು: ಇನ್ನು ಮುಂದೆ ಅಡುಗೆಮನೆಯ ಕೊಬ್ಬೆಲ್ಲ ಹಡಗಿನ ಗೋಡೆಗೆ. ನಾನು ಇದನ್ನು ಕಟುವಾಗಿ ಪ್ರತಿಭಟಿಸಿದೆ. ಅಂದರೆ, ಒಲೆಯ ಮುಂದೆ, ಒಬ್ಬನೇ ಇದ್ದಾಗ.

ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಜಂಬ ಹತ್ತಿತು. ಫಿರಂಗಿಯವರು ಹೊಡೆಯುವವರು, ಸರಿ. ಆದರೆ ಹಡಗನ್ನು ಕಾಯುವುದು ಯಾರ ಕೊಬ್ಬು? ಕಸಬರಿಕೆಯಂಥ ಕುಂಚ ಹಿಡಿದು ಇಳಿಜಾರು ಗೋಡೆಯ ಮೇಲೆ ಹತ್ತಿ ನಾನೇ ಸವರುತ್ತಿದ್ದೆ. ಕೆಳಗಿನಿಂದ ನಾವಿಕರು, "ಟೀಡೆಮನ್ನಿಗೆ ಈಚೆಗೆ ಕೊಬ್ಬು ಜಾಸ್ತಿಯಾಗಿದೆ ಕಣ್ರೋ" ಎಂದು ಕೂಗುತ್ತಿದ್ದರು.

ಜೂನ್ ತಿಂಗಳ ಬಿಸಿಲಿಗೆ ನನ್ನ ಕವಚ ಕೊಳೆಯತೊಡಗಿತು. ನದಿಯ ಎರಡೂ ದಡದ ನೊಣಗಳು ಪಕ್ಷಭೇದವಿಲ್ಲದೆ ನಮ್ಮ ಹಡಗಿಗೆ ಬಂದವು. ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಊಟಕ್ಕೆ ಕೂರುವಂತಾಯಿತು. ಕ್ಯಾಪ್ಟನ್ ಸಾಹೇಬರು ಕರವಸ್ತ್ರದ ಹಿಂದಿನಿಂದಲೇ ಮಾತಾಡಿದರು.

"ಟೀಡೆಮನ್, ಕೊಬ್ಬು ಇರಲಿ. ಈ ನಾತಕ್ಕೆ ಏನಾದ್ರೂ ಮಾಡು."

ಬೇರೆ ಯಾವ ಅಡುಗೆಯವನಾದರೂ ಸುಣ್ಣವನ್ನೋ ಬೂದಿಯನ್ನೋ ಕಲಸುತ್ತಿದ್ದ. ನಾನು ಓಲ್ಡನ್‌ಬರ್ಗಿನ ಸಾಸೇಜ್ ಮಾಡುವವನು. ಕೊಬ್ಬು ಚೆನ್ನಾಗಿಲ್ಲ ಎಂದು ಯಾರಾದರೂ ಅಂದರೆ ನನ್ನ ಕೈ ತಾನಾಗಿ ಈರುಳ್ಳಿ ಬುಟ್ಟಿಗೆ ಹೋಗುತ್ತದೆ. ಹಳೆಯದನ್ನೆಲ್ಲ ಕೆರೆಸಿ ನದಿಗೆ ಹಾಕಿಸಿದೆ. ಹೊಸ ಕೊಬ್ಬನ್ನು ಸಣ್ಣ ಉರಿಯಲ್ಲಿ ಕರಗಿಸಿ, ಈರುಳ್ಳಿ ಹೆಚ್ಚಿ ಹಾಕಿ ಕೆಂಪಗೆ ಹುರಿದು, ಒಣ ಸೇಬಿನ ಹೋಳು ಹಾಕಿ, ಕೊನೆಗೆ ಮೆಟಾ ಕೊಟ್ಟ ಮರುಗ ಉದುರಿಸಿದೆ. ನಮ್ಮಮ್ಮ ಭಾನುವಾರ ರೊಟ್ಟಿಗೆ ಸವರಿಕೊಡುತ್ತಿದ್ದದ್ದು ಇದನ್ನೇ. ನಾನು ಯುದ್ಧನೌಕೆಗೆ ಸವರಿದೆ.

ಹಡಗಿನ ಮುಖವೇ ಬದಲಾಯಿತು. ಜನ ಮೂಗಿನ ಬಟ್ಟೆ ಬಿಚ್ಚಿದರು. ಇಬ್ಬರು ನಾವಿಕರು ರೊಟ್ಟಿಯ ಚೂರಿನಿಂದ ಫಿರಂಗಿ ಕಿಂಡಿಯ ಅಂಚನ್ನು ಒರೆಸಿ ಒರೆಸಿ ತಿನ್ನುತ್ತಿದ್ದುದನ್ನು ನಾನೇ ನೋಡಿದೆ. ಕ್ಯಾಪ್ಟನ್ ಸಾಹೇಬರು ಗಾಳಿಯನ್ನು ಮೂಸಿ, ಕರವಸ್ತ್ರವನ್ನು ಜೇಬಿಗಿಟ್ಟು, ಎರಡನೇ ಸಲ ಮೂಸಿದರು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಇಲ್ಲಿ ಜೂನಿಯಸ್‌ನ ಮಾತು ಹೇಳಬೇಕು. ಬಾಯ್ಲರಿಗೆ ಕಲ್ಲಿದ್ದಲು ಎಸೆಯುವ ಕೆಲಸ ಅವನದು. ಹಿಂದಿನ ಚಳಿಗಾಲದಲ್ಲಿ, ತಾನು ಗುಲಾಮನಾಗಿ ದುಡಿಯುತ್ತಿದ್ದ ಹತ್ತಿಯ ತೋಟದ ಧಣಿಯಿಂದ ತಪ್ಪಿಸಿಕೊಂಡು, ಒಂದು ಮರದ ದಿಮ್ಮಿಯನ್ನು ಅಪ್ಪಿಕೊಂಡು ನದಿ ದಾಟಿ ನಮ್ಮ ಹಡಗಿಗೆ ಬಂದವನು. ಕೆಲಸ ಮುಗಿದ ಮೇಲೆ ನನ್ನ ಒಲೆಯ ಹತ್ತಿರ ಬಂದು ಕೂರುತ್ತಿದ್ದ. ಎಂಟು ಗಂಟೆ ಬೆಂಕಿಯ ಮುಂದೆ ನಿಂತವನು ಮತ್ತೆ ಒಲೆಯ ಹತ್ತಿರ ಯಾಕೆ ಕೂರುತ್ತಾನೆ ಎಂದು ನನಗೆ ಮೊದಲು ಅರ್ಥವಾಗಲಿಲ್ಲ. ಅಡುಗೆಯ ವಾಸನೆ ಬರುವ ಕಡೆ ಕೂತರೆ ಮನೆಯಲ್ಲಿದ್ದಂತೆ ಆಗುತ್ತದೆ ಎಂದು ಅವನೇ ಒಂದು ದಿನ ಹೇಳಿದ. ಅವನ ಹೆಂಡತಿ ಕೆಝಯಾ, ನಾಲ್ಕು ವರ್ಷದ ಮಗಳು ಟೆಂಪಿ ಅದೇ ಧಣಿಯ ತೋಟದಲ್ಲಿ ಉಳಿದಿದ್ದರು.

ಜೂನ್ ಕೊನೆಗೆ ಓಡಿಬಂದ ಇನ್ನೊಬ್ಬನಿಂದ ಸುದ್ದಿ ಸಿಕ್ಕಿತು. ಕೆಝಯಾ ಮಗುವನ್ನು ಎತ್ತಿಕೊಂಡು ತೋಟದಿಂದ ತಪ್ಪಿಸಿಕೊಂಡಿದ್ದಾಳೆ. ನದಿಯ ದಡದ ಬಿದಿರುಮೆಳೆಯಲ್ಲಿ, ಬಿದ್ದ ದೊಡ್ಡ ಮರವೊಂದರ ಹತ್ತಿರ ಅಡಗಿಕೊಂಡು ಹಡಗಿನ ದಾರಿ ಕಾಯುತ್ತಿದ್ದಾಳೆ. ಆ ಜಾಗ ನಾವು ಹೋಗಬೇಕಾದ ದಾರಿಯಲ್ಲೇ ಇತ್ತು. ತೊಂದರೆ ಏನೆಂದರೆ, ಅದರಿಂದ ಸ್ವಲ್ಪ ಕೆಳಗೆ ಗುಡ್ಡದ ಮೇಲೆ ಶತ್ರುಗಳ ಫಿರಂಗಿಗಳು. ಅವನ್ನು ದಾಟಿ ಹೋಗಿ ಕೆಳಗಿನ ನಮ್ಮ ಹಡಗುಗಳನ್ನು ಸೇರಿಕೊಳ್ಳಬೇಕೆಂದು ನಮಗೆ ಅಪ್ಪಣೆಯಾಗಿತ್ತು.

ಜೂನಿಯಸ್ ಟೋಪಿ ಕೈಯಲ್ಲಿ ಹಿಡಿದು ಕ್ಯಾಪ್ಟನ್ ಸಾಹೇಬರ ಮುಂದೆ ನಿಂತ. ಅವನು ಬೇಡಿಕೊಂಡದ್ದನ್ನು ಕೇಳಿ ಅವರು ನದಿಯ ನಕ್ಷೆ ಬಿಡಿಸಿ ನೋಡಿದರು.

"ಮಂಜಿರೋ ಬೆಳಿಗ್ಗೆ ನೋಡಿ ಇಳೀತೀವಿ. ಸದ್ದಿಲ್ದೆ ಅಲ್ಲಿವರೆಗೂ ಹೋದ್ರೆ ಒಂದು ದೋಣಿ ಕಳಿಸ್ತೀನಿ. ಸದ್ದಾಯ್ತೋ, ನಿಲ್ಸೋದಿಲ್ಲ. ಇಷ್ಟೂ ಜನರ ಜೀವ ನನ್ನ ತಲೆ ಮೇಲಿದೆ. ಗೊತ್ತಾಯ್ತಾ?"

"ಗೊತ್ತಾಯ್ತು ಸಾಹೇಬ್ರೆ. ಸದ್ದಾಗೋಲ್ಲ" ಎಂದ ಜೂನಿಯಸ್, ಇಡೀ ನದಿಯ ಪರವಾಗಿ ಮಾತು ಕೊಡುವವನಂತೆ.

ಮಂಜಿನ ಬೆಳಿಗ್ಗೆ ಬಂತು. ಗಂಟೆಯ ನಾಲಗೆಗೆ ಬಟ್ಟೆ ಸುತ್ತಿದರು. ಸರಪಣಿಗಳ ಕೆಳಗೆ ಗೋಣಿ ಹಾಸಿದರು. ಎಲ್ಲರೂ ಬರಿಗಾಲು. ಕೆಮ್ಮಿದವನನ್ನು ನೀರಿಗೆ ಎಸೆಯುವುದಾಗಿ ಕ್ಯಾಪ್ಟನ್ ಸಾಹೇಬರು ಪಿಸುಗುಟ್ಟಿದರು. ಹಡಗು ಬರೀ ಪ್ರವಾಹದ ಮೇಲೆ ತೇಲಿಕೊಂಡು ಹೊರಟಿತು. ಬೆಂಕಿ ಬಿದ್ದರೆ ನಂದಿಸಲು ನಾನು ಒದ್ದೆ ಗೋಣಿಚೀಲ ಹಿಡಿದು ನಿಂತಿದ್ದೆ. ಕಿವಿಗೆ ಬೀಳುವುದನ್ನೆಲ್ಲ ಯೋಚಿಸಿ ಯೋಚಿಸಿ ಅಡಗಿಸಿದ್ದರು. ಮೂಗಿನ ವಿಷಯ ಯಾರಿಗೂ ಹೊಳೆದಿರಲಿಲ್ಲ. ಹಿಂದಿನ ಸಂಜೆಯೇ ನಾನು ಹೊಸದಾಗಿ ದಪ್ಪಗೆ ಸವರಿದ್ದೆ. ಜೂನಿಯಸ್‌ಗೆ ಒಳ್ಳೆಯದಾಗಲಿ ಎಂದು ಈರುಳ್ಳಿ ಒಂದು ಹಿಡಿ ಹೆಚ್ಚೇ ಹಾಕಿದ್ದೆ. ಒಳಗಿನ ಬಾಯ್ಲರಿನ ಕಾವಿಗೆ ಗೋಡೆ ಬೆಚ್ಚಗಾಗಿ ಇಡೀ ಹಡಗು ಮಂಜಿನೊಳಗೆ ಘಮಘಮಿಸುತ್ತಾ ಸಾಗಿತ್ತು.

ಬಿದಿರುಮೆಳೆ ಹತ್ತಿರವಾಗುವಾಗ ನಾಯಿಗಳ ಸದ್ದು ಕೇಳಿಸಿತು. ಜೂನಿಯಸ್ ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದು ನನ್ನ ಪಕ್ಕ ನಿಂತ. ಮೈಯೆಲ್ಲ ಕಲ್ಲಿದ್ದಲ ಮಸಿ, ಕಣ್ಣು ಮಾತ್ರ ಕಾಣುತ್ತಿತ್ತು.

"ಧಣಿ ನಾಯಿಗಳು ಅಣ್ಣ" ಎಂದು ಪಿಸುಗುಟ್ಟಿದ. "ಈ ದನಿ ನಂಗೆ ಗೊತ್ತು. ವಾಸನೆ ಹಿಡಿದಿವೆ. ಮೆಳೆ ಒಳಗೇ ಇವೆ."

ನಾಯಿಗಳಿದ್ದರೆ ಹಿಂದೆ ಬಂದೂಕಿನ ಜನರೂ ಇರುತ್ತಾರೆ. ಕ್ಯಾಪ್ಟನ್ ಸಾಹೇಬರು ಕೈ ಎತ್ತಿ ದೋಣಿಯವರನ್ನು ತಡೆದರು. ಜೂನಿಯಸ್ ನನ್ನ ತೋಳು ಹಿಡಿದುಕೊಂಡ. ಆ ಹಿಡಿತದ ಗುರುತು ವಾರವಿಡೀ ನನ್ನ ತೋಳಿನ ಮೇಲಿತ್ತು.

ಇದ್ದಕ್ಕಿದ್ದಂತೆ ನಾಯಿಗಳ ದನಿ ಬದಲಾಯಿತು. ಗುರುಗುಟ್ಟುತ್ತಿದ್ದವು ಕುಂಯ್‌ಗುಟ್ಟತೊಡಗಿದವು. ಆಮೇಲೆ ಮೆಳೆ ಮುರಿಯುವ ಸದ್ದು, ದುಡುಂ ದುಡುಂ ಎಂದು ನೀರಿಗೆ ಬೀಳುವ ಸದ್ದು. ಮಂಜಿನಲ್ಲಿ ಏನೂ ಕಾಣದು. ನಮ್ಮ ಹಡಗಿನ ಅಂಚು ನೀರಿಗೆ ತೀರಾ ತಗ್ಗು. ಪರಪರ ಉಗುರು ಕೆರೆಯುವ ಸದ್ದಾಯಿತು, ಅದರ ಹಿಂದೆಯೇ ನೆಕ್ಕುವ ಸದ್ದು. ಫಿರಂಗಿ ಕಿಂಡಿಯಿಂದ ಉದ್ದ ಕಿವಿಯ, ಒದ್ದೆ ಮೂತಿಯ ಮುಖವೊಂದು ಒಳಗೆ ಇಣುಕಿ ನನ್ನನ್ನು ನೋಡಿತು. ಇಡೀ ಯುದ್ಧದಲ್ಲಿ ನಾನು ಮುಖಾಮುಖಿ ಕಂಡ ಶತ್ರು ಅದೊಂದೇ. ಅದು ಬಾಲ ಆಡಿಸಿತು.

"ಯಾವನೋ ಇದನ್ನ ಬೇಯಿಸಿದ್ದು?" ಎಂದರು ಕ್ಯಾಪ್ಟನ್ ಸಾಹೇಬರು. ಉತ್ತರ ಅವರಿಗೆ ಗೊತ್ತಿತ್ತು.

ದಡದ ಮೇಲೆ ಗಂಡಸರು ನಾಯಿಗಳನ್ನು ಕೂಗುತ್ತಾ, ಸಿಳ್ಳೆ ಹಾಕುತ್ತಾ, ಬೈಯುತ್ತಾ ಓಡತೊಡಗಿದರು. ಪ್ರವಾಹ ನಮ್ಮನ್ನು ಕೆಳಕ್ಕೆ ಒಯ್ಯುತ್ತಿತ್ತು, ಅರ್ಧ ನಾಯಿಗಳು ಈಜುತ್ತಾ, ಇನ್ನರ್ಧ ದಡದಲ್ಲಿ ಓಡುತ್ತಾ, ಊಳಿಡುತ್ತಾ ನಮ್ಮ ಮೆರವಣಿಗೆ ಹೊರಟಿತು. ಮಂಜಿನ ಮೇಲೆ ನಮ್ಮ ಹೊಗೆಕೊಳವೆ ಯಾರಿಗೋ ಕಂಡಿರಬೇಕು. ಬಂದೂಕು ಸಿಡಿಯಿತು. ಗುಡ್ಡದ ಮೇಲಿನ ಫಿರಂಗಿಗಳು ಎಚ್ಚೆತ್ತವು.

"ಪೂರಾ ವೇಗ!" ಎಂದು ಕ್ಯಾಪ್ಟನ್ ಸಾಹೇಬರು ಕೂಗಿದರು.

ದೋಣಿ ಇಳಿಯಲಿಲ್ಲ. ಜೂನಿಯಸ್ ಒಂದು ಕ್ಷಣ ಆ ಬಿಳಿ ಮಂಜನ್ನು ನೋಡಿದ. ಆಮೇಲೆ ನನ್ನ ತೋಳು ಬಿಟ್ಟು ಮೆಟ್ಟಿಲಿಳಿದು ಹೋಗಿ ಸಲಿಕೆ ಹಿಡಿದ. ಹೆಂಡತಿ ಮಗಳನ್ನು ಹಿಂದೆ ಬಿಟ್ಟು ಹೋಗುವ ಹಡಗಿಗೆ ಅವನೇ ಕಲ್ಲಿದ್ದಲು ಎಸೆಯಬೇಕಾಯಿತು. ನನಗೆ ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಗುಂಡುಗಳು ಬಿದ್ದವು. ಒಂದು ಗುಂಡು ಹೊಗೆಕೊಳವೆಯನ್ನು ಹಾರಿಸಿಕೊಂಡು ಹೋಯಿತು. ಇನ್ನೊಂದು ಇಳಿಜಾರು ಗೋಡೆಗೆ ಬಡಿದು ಚೊಂಯ್ ಎಂದಿತು, ಹಡಗಿನೊಳಗೆಲ್ಲ ಹುರಿದ ಈರುಳ್ಳಿಯ ಪರಿಮಳ ಎದ್ದಿತು. ಜಾರಬೇಕಾಗಿದ್ದ ಗುಂಡು ಜಾರಲಿಲ್ಲ, ಕಬ್ಬಿಣದ ಹಲಗೆಯೊಂದನ್ನು ಕಿತ್ತುಕೊಂಡೇ ಹೋಯಿತು. ಕರಗಿದ ಕೊಬ್ಬು ಕಿಂಡಿಗಳಿಂದ ಒಳಗೆ ಹರಿದು ನೆಲಕ್ಕಿಳಿಯಿತು. ಬೆಂಕಿ ನಂದಿಸಲು ಓಡಿದ ನಾನು, ಗೋಣಿಚೀಲದ ಸಮೇತ, ಫಿರಂಗಿಯವರ ಕಾಲುಗಳ ನಡುವೆ ಹಡಗಿನ ಈ ತುದಿಯಿಂದ ಆ ತುದಿಗೆ ಜಾರಿದೆ. ಪತ್ರಿಕೆಯವರು ಬರೆದದ್ದು ಪೂರ್ತಿ ಸುಳ್ಳಲ್ಲ ಎಂದು ಆಗ ಅನ್ನಿಸಿತು.

ಹೇಗೋ ದಾಟಿದೆವು. ಕೆಳಗೆ ನಮ್ಮ ಹಡಗುಗಳು ನಿಂತಿದ್ದ ಕಡೆ ಲಂಗರು ಹಾಕಿದೆವು. ದಡದ ಮೇಲೆ ನಮ್ಮ ಸೈನ್ಯದ ಬಿಡಾರ, ಅದರ ಪಕ್ಕದಲ್ಲಿ ತೋಟಗಳಿಂದ ಓಡಿಬಂದವರ ಗುಡಾರಗಳು. ಕ್ಯಾಪ್ಟನ್ ಸಾಹೇಬರು ನನ್ನನ್ನು ಕರೆಸಿದರು.

"ನಾಯಿಗಳು ಮುತ್ತಿಗೆ ಹಾಕಿದ ಯುದ್ಧನೌಕೆ ಅಂತ ಇದ್ರೆ ಅದು ನಂದೊಂದೇ. ಬೇರೆ ಕ್ಯಾಪ್ಟನ್ನುಗಳು ನನ್ನ ನೋಡಿದ್ರೆ ಬೊಗಳ್ತಾರೆ ಗೊತ್ತಾ? ಇನ್ಮೇಲೆ ಬರೀ ಕೊಬ್ಬು. ಈರುಳ್ಳಿ ಇಲ್ಲ, ಗೀರುಳ್ಳಿ ಇಲ್ಲ. ಒಂದೊಂದು ತೊಟ್ಟೂ ಗೋಡೆಗೇ ಹೋಗ್ಬೇಕು. ಬೇರೆ ಕಡೆ ಒಂದು ತೊಟ್ಟು ಕಂಡ್ರೆ ಕೈಗೆ ಬೇಡಿ ಹಾಕಿಸ್ತೀನಿ."

ಅದು ನನಗೆ ನಾಟಲಿಲ್ಲ. ನಾಟಿದ್ದು ಜೂನಿಯಸ್‌ನ ಮಾತು. ಅವನು ಬೈದಿದ್ದರೆ, ಹೊಡೆದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಸಂಜೆ ಬಂದು ಒಲೆಯ ಹತ್ತಿರ ಕೂತು ಮೆಲ್ಲಗೆ ಕೇಳಿದ.

"ಅದ್ಯಾಕಣ್ಣ ಈರುಳ್ಳಿ ಹಾಕ್ದೆ?"

ಏನು ಹೇಳಲಿ? ಚೆನ್ನಾಗಿರಲಿ ಎಂದು ಹಾಕಿದೆ ಎನ್ನಲೇ? ಕೈಗೆ ಸಿಕ್ಕಿದ ಖಾಲಿ ಬಾಣಲೆಯನ್ನು ಮತ್ತೆ ಮತ್ತೆ ಉಜ್ಜತೊಡಗಿದೆ. ಮರುದಿನದಿಂದ ಅವನು ಒಲೆಯ ಹತ್ತಿರ ಬರುವುದನ್ನು ಬಿಟ್ಟ. ಬಿಡುವು ಸಿಕ್ಕಾಗಲೆಲ್ಲ ಗುಡಾರಗಳ ಕಡೆ ಹೋಗಿ, ಹೊಸಬರ ಮುಖಗಳನ್ನು ನೋಡಿ, ತಲೆ ತಗ್ಗಿಸಿಕೊಂಡು ವಾಪಸು ಬರುತ್ತಿದ್ದ. ನಾನು ಉಪ್ಪಿಲ್ಲದ, ಮಸಾಲೆಯಿಲ್ಲದ ಅಡುಗೆ ಮಾಡತೊಡಗಿದೆ. ಯಾರೂ ದೂರಲಿಲ್ಲ, ಯಾರೂ ನಗಲೂ ಇಲ್ಲ.

ಹಡಗಿನ ರಿಪೇರಿ ನಡೆಯುತ್ತಿದ್ದುದರಿಂದ ಒಲೆಯನ್ನು ದಡದ ಮೇಲೆ ಹೂಡಿದ್ದೆ. ಒಂದು ಮಧ್ಯಾಹ್ನ ಕೊಪ್ಪರಿಗೆ ಕುದಿಯುತ್ತಿರುವಾಗ ಜೂನಿಯಸ್ ಬಂದ. ಅವನ ಹಿಂದೆ ಒಬ್ಬ ಹೆಂಗಸು. ಕಾಲಿಗೆ ಗೋಣಿಬಟ್ಟೆ ಸುತ್ತಿಕೊಂಡಿದ್ದಳು, ಮುಖದ ತುಂಬ ಬಿದಿರು ಗೀರಿದ ಗಾಯ. ಸೊಂಟದ ಮೇಲೆ ಒಂದು ಹೆಣ್ಣುಮಗು, ತನ್ನ ಅಂಗೈಯಿಂದ ತನ್ನದೇ ಬಾಯಿ ಮುಚ್ಚಿಕೊಂಡಿತ್ತು.

"ನೀವೇನಾ ಆ ಅಡುಗೆಯವ್ರು?" ಎಂದಳು ಕೆಝಯಾ.

ಓಡಿಹೋಗಲು ದಾರಿ ಇದೆಯೇ ಎಂದು ನೋಡಿದೆ. ಇರಲಿಲ್ಲ. "ಹೌದಮ್ಮ" ಎಂದೆ.

"ನಾಯಿ ನನ್ನ ಕಾಲ ಹತ್ರಾನೇ ಬಂದಿತ್ತು ಅಣ್ಣ. ಅದರ ಉಸಿರು ಕಾಲಿಗೆ ತಾಕ್ತಿತ್ತು. ಇವಳ ಬಾಯಿ ಅದುಮಿ ಹಿಡ್ಕೊಂಡಿದ್ದೆ. ಮುಗೀತು ಅನ್ಕೊಂಡೆ. ಆಗ ಬಂತು ನೋಡಿ ಆ ವಾಸನೆ. ನಾಯಿ ತಲೆ ಎತ್ತಿತು. ನನ್ನ ಒಂದ್ಸಲ ನೋಡ್ತು. ಈ ಎಲುಬಿನ ಹೆಂಗಸನ್ನ ಹಿಡಿದು ನಂಗೇನು ಲಾಭ ಅನ್ಕೊಂಡಿತೋ ಏನೋ, ತಿರುಗಿ ಓಡೇ ಹೋಯ್ತು. ನಾಯಿ ಹಿಂದೆ ಅವರೆಲ್ಲರೂ ಓಡಿದ್ರು. ಮೆಳೆ ಹಿಂದಿನ ದಾರೀಲಿ ಒಂದು ನರಪಿಳ್ಳೆ ಇಲ್ಲ. ನಾನು ಎದ್ದು ನಡ್ಕೊಂಡು ಬಂದೆ."

ನದಿ ಸುತ್ತಿ ಬಳಸಿ ಹರಿಯುವ ಕಡೆ ಕಾಲುದಾರಿ ನೇರವಾಗಿರುತ್ತದೆ. ಆದರೂ ಜೌಗು ಭೂಮಿಯಲ್ಲಿ ಹಗಲು ಅಡಗಿ, ಕತ್ತಲಲ್ಲಿ ನಡೆದು ಬರಲು ಅವಳಿಗೆ ಎಂಟು ಹತ್ತು ದಿನ ಹಿಡಿದಿತ್ತು. ಜೂನಿಯಸ್ ನನ್ನ ಕಡೆ ನೋಡಲಿಲ್ಲ. ಅವನ ಗಡ್ಡದ ಮೇಲೆ ನೀರು ಇಳಿಯುತ್ತಿತ್ತು.

"ಮಗೂಗೆ ಬಾಯಿಗೇನಾಯ್ತು?" ಎಂದು ಕೇಳಿದೆ.

"ಅವತ್ತು ಎರಡು ದಿನದಿಂದ ಏನೂ ತಿಂದಿರಲಿಲ್ಲ ಅದು. ನಿಮ್ಮ ವಾಸನೆಗೆ ಬಾಯಿ ತೆಗೆದು ಕೇಳೋಕೆ ಹೋಯ್ತು. ಕೇಳಿದ್ರೆ ಇಬ್ರೂ ಹೋಗ್ತಿದ್ವಿ. ಇನ್ನೂ ಗಟ್ಟಿಯಾಗಿ ಅದುಮಿ, ಬಾಯಿ ಬಿಡಬೇಡ ಅಂದೆ. ಅವತ್ತಿಂದ ಒಂದು ಮಾತಿಲ್ಲ. ಇನ್ನು ಮಾತಾಡು ಕಂದಾ, ನಾಯಿ ಹೋದ್ವು ಅಂತ ಎಷ್ಟು ಹೇಳಿದ್ರೂ ಕೈ ತೆಗೆಯೋಲ್ಲ."

ನಾನು ಕೊಪ್ಪರಿಗೆಯ ಕಡೆ ತಿರುಗಿದೆ. ಮೇಲೆ ಕೊಬ್ಬು ತೇಲುತ್ತಿತ್ತು. ಸೌಟಿನಿಂದ ತೆಗೆದು ಬಾಣಲೆಗೆ ಹಾಕಿದೆ. ಈರುಳ್ಳಿ ಹೆಚ್ಚಿದೆ. ಸೇಬಿನ ಹೋಳು ಹಾಕಿದೆ. ಮೆಟಾಳ ಪೊಟ್ಟಣ ಬಿಡಿಸಿ ಮೂಲೆಯಲ್ಲಿ ಉಳಿದಿದ್ದ ಪುಡಿಯನ್ನೆಲ್ಲ ಕೊಡವಿದೆ. ಪರಿಮಳ ಎದ್ದಿತು. ಹಡಗಿನ ಮೇಲೆ ಒಂದು ಬಾಗಿಲು ದಡಾರನೆ ತೆರೆಯಿತು.

"ಟೀಡೆಮನ್! ಯಾರಿಗದು?"

ಅದುವರೆಗೆ ನನ್ನ ಪ್ರತಿಭಟನೆಗಳನ್ನೆಲ್ಲ ಒಲೆಯೊಂದೇ ಕೇಳಿತ್ತು. ಅವತ್ತು ಸೌಟು ಮೇಲೆತ್ತಿ ಇಡೀ ದಡಕ್ಕೆ ಕೇಳುವಂತೆ ಕೂಗಿದೆ.

"ಕೊಪ್ಪರಿಗೇಲಿ ಮೇಲೆ ತೇಲೋದು ಅಡುಗೆಯವನದು ಸಾಹೇಬ್ರೆ! ಎಲ್ಲ ಹಡಗಲ್ಲೂ ಹಾಗೇನೆ!"

ಕ್ಯಾಪ್ಟನ್ ಸಾಹೇಬರು ನನ್ನನ್ನು ನೋಡಿದರು, ಹೆಂಗಸನ್ನು ನೋಡಿದರು, ಬಾಯಿ ಮುಚ್ಚಿಕೊಂಡ ಮಗುವನ್ನು ನೋಡಿದರು. "ನಾಯಿ ಬಂದ್ರೆ ನೀನೇ ನೋಡ್ಕೋ" ಎಂದು ಗೊಣಗಿ ಬಾಗಿಲು ಹಾಕಿಕೊಂಡರು.

ರೊಟ್ಟಿಯ ಚೂರಿಗೆ ದಪ್ಪಗೆ ಸವರಿ ಮಗುವಿನ ಮುಂದೆ ಹಿಡಿದೆ. ಕೈ ಬಾಯಿಂದ ಸರಿಯಿತು. ಒಂದು ತುತ್ತು ಕಚ್ಚಿತು. ಕೈ ಮತ್ತೆ ಬಾಯಿಗೆ ಹೋಯಿತು. ಅಂಗೈಯ ಹಿಂದೆ ಸದ್ದಿಲ್ಲದೆ ಅಗಿಯಿತು. ನಾವು ಮೂವರೂ ಬಗ್ಗಿ ನೋಡುತ್ತಿದ್ದೆವು. ಟೆಂಪಿಯ ಹುಬ್ಬು ಗಂಟಿಕ್ಕಿತು. ಕೈ ತೆಗೆದು, ನಾಲಗೆಯ ತುದಿಯಿಂದ ಏನನ್ನೋ ಹೊರಗೆ ತಳ್ಳಿ, ನನ್ನ ಮುಖವನ್ನೇ ನೋಡುತ್ತಾ ಸ್ಪಷ್ಟವಾಗಿ ಹೇಳಿತು:

"ಈರುಳ್ಳಿ ಬೇಡ."

ಜೂನಿಯಸ್ ನೆಲದ ಮೇಲೆ ಕುಸಿದು ಕೂತ. ನಗುತ್ತಿದ್ದನೋ ಅಳುತ್ತಿದ್ದನೋ ನನಗೆ ತಿಳಿಯಲಿಲ್ಲ, ನನ್ನದೂ ಅದೇ ಗತಿಯಾಗಿತ್ತು. ಕೆಝಯಾ ಮಗುವಿನ ತಲೆಯಲ್ಲಿ ಮುಖ ಹುದುಗಿಸಿ, "ಇನ್ನೊಂದ್ಸಲ ಹೇಳು ಕಂದಾ, ಇನ್ನೊಂದ್ಸಲ ಹೇಳು" ಎನ್ನುತ್ತಿದ್ದಳು. ಮಗು ಇನ್ನೊಂದು ಸಲ, ಇನ್ನೂ ಜೋರಾಗಿ, ಈರುಳ್ಳಿ ಬೇಡ ಎಂದಿತು. ನಾನು ಬಾಣಲೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತು, ಈರುಳ್ಳಿಯ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆದೆ.